45ಕ್ಕೇ ಕೆಲಸ ಬಿಟ್ಟೆ, ಖರ್ಚು ಎಕ್ಸೆಲ್ ಹಾಳೆ ದಾಟಿ ಓಡ್ತಿದೆ. ನೀವೆಲ್ಲಾ ಹೇಗೆ ಸಂಭಾಳಿಸ್ತಿದ್ದೀರಾ?

ಬೋಗಾದಿ ರೋಡು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

2021ರ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಮೈಸೂರಿಗೆ ಬಂದೆ. ಆಗ ನನಗೆ 45. ಸ್ವಂತ ಫ್ಲ್ಯಾಟ್ ಇದೆ, ಸಾಲ ಇಲ್ಲ. ಹೆಂಡತಿ, ಮಗಳು, ನಾನು. ಕೈಯಲ್ಲಿ 2 ಕೋಟಿ 20 ಲಕ್ಷ ಇತ್ತು. ತಿಂಗಳಿಗೆ 55 ಸಾವಿರ ಖರ್ಚು ಅಂತ ಇಟ್ಟುಕೊಂಡಿದ್ದೆ. ವರ್ಷಕ್ಕೆ 6 ಲಕ್ಷ 60 ಸಾವಿರ, ಅಂದ್ರೆ ಗಂಟಿನ 3 ಪರ್ಸೆಂಟ್. ಬೆಲೆ ಏರಿಕೆಗೆ ವರ್ಷಕ್ಕೆ 6 ಪರ್ಸೆಂಟ್ ಹಾಕಿದ್ದೆ. ಜೋರಾಗಿಯೇ ಹಾಕಿದ್ದೀನಿ ಅಂತ ಆಗ ಹೆಮ್ಮೆ ಬೇರೆ.

ಆ ಲೆಕ್ಕದ ಪ್ರಕಾರ ನಾಲ್ಕು ವರ್ಷ ಕಳೆದ ಮೇಲೆ ತಿಂಗಳಿಗೆ 69-70 ಸಾವಿರ ಆಗಬೇಕಿತ್ತು. ಆಗಿರೋದು 84 ಸಾವಿರ. ಗಂಟು ಈಗ 2 ಕೋಟಿ 35 ಲಕ್ಷ ಇದೆ, ಕರಗಿಲ್ಲ ನಿಜ. ಆದರೆ 3 ಪರ್ಸೆಂಟ್ ತೆಗೀತಿದ್ದವನು ಈಗ 4.3 ಪರ್ಸೆಂಟ್ ತೆಗೀತಿದ್ದೀನಿ. ಹೀಗೇ ಹೋದರೆ 60 ಮುಟ್ಟುವಾಗ ಏನು ಗತಿ ಅಂತ ರಾತ್ರಿ ಎರಡು ಗಂಟೆಗೆ ಎದ್ದು ಕೂರೋ ಹಾಗಾಗಿದೆ. ಬೇಗ ನಿವೃತ್ತಿ ತಗೊಂಡವರು ಯಾರಾದರೂ ಇದ್ದರೆ ಹೇಳಿ, ಈ ಏರಿಕೆಗೆ ತಡೆಗೋಡೆ ಹೇಗೆ ಕಟ್ಟಿದಿರಿ?

ಚಿಕೋರಿ ಬೇಡ
84 ಸಾವಿರ? ಮೈಸೂರಲ್ಲಿ? ಸರ್, ಅನ್ನ ತಿಂತೀರಾ ಚಿನ್ನ ತಿಂತೀರಾ?

ಎಕ್ಸೆಲ್ ರಾಯ
ಒಟ್ಟು ಮೊತ್ತ ಹೇಳಿದರೆ ಯಾರೂ ಏನೂ ಹೇಳೋಕಾಗಲ್ಲ. ಬಾಬ್ತು ಬಿಡಿಸಿ ಹಾಕಿ. 2021ರದ್ದು ಒಂದು ಕಡೆ, ಈಗಿನದು ಇನ್ನೊಂದು ಕಡೆ. 55 ಹೋಗಿ 84 ಆಗಿದೆ ಅಂದ್ರೆ ವರ್ಷಕ್ಕೆ 11 ಪರ್ಸೆಂಟ್ ಮೇಲೆ. ಈ ನಾಲ್ಕು ವರ್ಷದಲ್ಲಿ ದೇಶದಲ್ಲಿ ಹಣದುಬ್ಬರ ತೀರಾ ಮೇಲೆ ಹೋಗಿದ್ದು 2022ರ ಏಪ್ರಿಲ್‌ನಲ್ಲಿ, ಆಗಲೂ 7.79. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಬೇರೆ ಏನೋ ಸೇರಿಕೊಂಡಿದೆ.

ಬೋಗಾದಿ ರೋಡು
ರಾಯರೇ, ಹೆಂಡತಿ ಜೊತೆ ಕೂತು ತೆಗೆದೆ. ತಿಂಗಳ ಲೆಕ್ಕ, ಮೊದಲು 2021, ಆಮೇಲೆ ಈಗ:

ದಿನಸಿ, ಹಾಲು, ತರಕಾರಿ 16,000, ಈಗ 19,500
ಮಗಳ ಸ್ಕೂಲು 7,000, ಈಗ 11,500
ನಮ್ಮ ಮೂವರ ಆರೋಗ್ಯ ವಿಮೆ 2,400, ಈಗ 4,300
ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ 2,800, ಈಗ 4,500
ಕಾರು, ಪೆಟ್ರೋಲು 6,500, ಈಗ 7,000
ಕರೆಂಟು, ಗ್ಯಾಸು, ಫೋನು 4,000, ಈಗ 4,200
ಕೆಲಸದವರು 4,000, ಈಗ 5,500
ಅಮ್ಮನ ಆರೋಗ್ಯ ವಿಮೆ ಆಗ ಇರಲಿಲ್ಲ, ಈಗ 5,000
ಅಮ್ಮನ ಮಾತ್ರೆ, ಹಗಲು ನೋಡಿಕೊಳ್ಳೋಕೆ ಬರುವಾಕೆ ಆಗ ಇರಲಿಲ್ಲ, ಈಗ 6,000
ಲಿಫ್ಟು ಬದಲಾಯಿಸಿದ್ದು, ಕಟ್ಟಡಕ್ಕೆ ಬಣ್ಣ: ಈ ವರ್ಷ 72,000 ಕೊಟ್ಟೆ, ತಿಂಗಳಿಗೆ 6,000
ಇತರೆ (ಬಟ್ಟೆ, ಮದುವೆ ಮುಂಜಿ, ಊರು ಸುತ್ತೋದು) 12,300, ಈಗ 10,500

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಇದ್ದಾರೆ. 76 ವರ್ಷ. ಅವರ ಪಾಲಿಸಿ ಅಪ್ಪ ಕಟ್ಟುತ್ತಿದ್ದರು, ಈಗ ನಾನು.

ಎಕ್ಸೆಲ್ ರಾಯ
ನೋಡಿ, ಸಿಕ್ಕಿಬಿತ್ತು. ಅಮ್ಮನ ಬಾಬ್ತು 11 ಸಾವಿರ, ಲಿಫ್ಟು ಬಣ್ಣ 6 ಸಾವಿರ, ಒಟ್ಟು 17. ಇದು ಬೆಲೆ ಏರಿಕೆ ಅಲ್ಲವೇ ಅಲ್ಲ. ನಿಮ್ಮ ಹಾಳೆಯಲ್ಲಿ ಈ ಸಾಲುಗಳೇ ಇರಲಿಲ್ಲ. ಅದನ್ನು ತೆಗೆದರೆ 67 ಸಾವಿರ. ನೀವು ಅಂದುಕೊಂಡಿದ್ದು 69-70. ಅಂದ್ರೆ ನಿಮ್ಮ 6 ಪರ್ಸೆಂಟ್ ಸರಿಯಾಗೇ ಇತ್ತು. ಹೊಡೆದಿದ್ದು ಬೆಲೆ ಅಲ್ಲ, ಮರೆತಿದ್ದು.

ಸಾಲು ಸಾಲಾಗಿ ನೋಡಿದರೆ ಇನ್ನೂ ಮಜಾ ಇದೆ. ದಿನಸಿ ವರ್ಷಕ್ಕೆ 5 ಪರ್ಸೆಂಟ್ ಏರಿದೆ. ಸ್ಕೂಲು 13. ಮೇಂಟೆನೆನ್ಸ್ 12.6. ವಿಮೆ ಹತ್ತಿರಹತ್ತಿರ 16. ಕರೆಂಟು ಗ್ಯಾಸು ನಿಂತಲ್ಲೇ ನಿಂತಿದೆ. ಎಲ್ಲಕ್ಕೂ ಒಂದೇ 6 ಹಾಕಿದರೆ ಮೊದಮೊದಲು ಸರಿ ಕಾಣುತ್ತೆ, ಹತ್ತು ವರ್ಷ ಆದ ಮೇಲೆ ಜೋರಾಗಿ ಓಡುವ ಸಾಲುಗಳೇ ಇಡೀ ಹಾಳೆಯನ್ನು ನುಂಗುತ್ತವೆ.

ಅಡುಗೆಮನೆ ಡೈರಿ
ರಾಯರೇ ಒಂದು ನಿಮಿಷ. 'ಇತರೆ' ಸಾಲು ನೋಡಿದಿರಾ? 12,300 ಇದ್ದದ್ದು 10,500 ಆಗಿದೆ. ನಾಲ್ಕು ವರ್ಷದಲ್ಲಿ ಬಟ್ಟೆ, ರೈಲು, ಮುಯ್ಯಿ ಅಗ್ಗ ಆಗಿದೆಯಾ? ಇಲ್ಲ. ಅವರು ಬಾಯಿ ಕಟ್ಟಿದ್ದಾರೆ. ಅದೂ 6 ಪರ್ಸೆಂಟ್ ಲೆಕ್ಕದಲ್ಲಿ ಏರಿದ್ದರೆ 15,500 ಆಗಬೇಕಿತ್ತು. ಆಗ ನಿಮ್ಮ 67 ಹೋಗಿ 72. ಹಾಳೆಯಲ್ಲಿ ಕಾಣದೇ ಇರೋ ಏರಿಕೆ ಅದು. ಆ ಮನೆಯಲ್ಲಿ ಯಾರ ಸೀರೆ ನಿಂತಿದೆ ಅಂತ ನಾನು ಹೇಳಬಲ್ಲೆ.

ಎಕ್ಸೆಲ್ ರಾಯ
ಒಪ್ಪಿದೆ ತಾಯಿ. ತಪ್ಪಾಯ್ತು.

ಬೋಗಾದಿ ರೋಡು
ಹೆಂಡತಿ ಇದನ್ನು ಓದಿ ಡೈರಿ ಮೇಡಂ ನಂಬರ್ ಕೇಳ್ತಿದ್ದಾಳೆ 😅

ಹಳೇ ಕ್ಯಾಷಿಯರ್
ನನಗೆ 72. ಬ್ಯಾಂಕಿನಲ್ಲಿ 2001ರ ಸ್ವಯಂ ನಿವೃತ್ತಿ ಯೋಜನೆ, ಅಂದ್ರೆ ವಿಆರ್‌ಎಸ್ ತಗೊಂಡವ. ಆಗ ನನಗೆ 47, ಸುಮಾರು ನಿಮ್ಮ ವಯಸ್ಸೇ. ನೀವೆಲ್ಲಾ ಖರ್ಚು ಏರೋದನ್ನೇ ನೋಡ್ತಿದ್ದೀರಿ. ಆದಾಯ ಇಳಿಯೋದು ಇನ್ನೂ ದೊಡ್ಡ ಹೊಡೆತ. ಆ ಕಥೆ ಹೇಳ್ತೀನಿ, ಕೇಳಿ.

ಆಗ ಎಫ್‌ಡಿಗೆ 10 ಪರ್ಸೆಂಟ್ ಬರ್ತಿತ್ತು. ನನಗೆ ಸಿಕ್ಕಿದ್ದು 7 ಲಕ್ಷ ಚಿಲ್ಲರೆ. ತಿಂಗಳಿಗೆ 5,800 ಬಡ್ಡಿ, ಮಂಡ್ಯದಲ್ಲಿ ಸ್ವಂತ ಮನೆ, ಮಗ ಸರ್ಕಾರಿ ಕಾಲೇಜು. ರಾಜನ ಹಾಗೆ ಇರ್ತೀನಿ ಅಂದುಕೊಂಡೆ. ಜೊತೆಯವರು 'ಇವನು ಬುದ್ಧಿವಂತ' ಅಂದ್ರು. ಆಮೇಲೆ ಶುರುವಾಯ್ತು ನೋಡಿ. ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಬಡ್ಡಿ 2000ದ ಜನವರಿವರೆಗೆ 12 ಇದ್ದದ್ದು 11 ಆಯ್ತು, ಆಮೇಲೆ 9.5, 9, 2003ರ ಮಾರ್ಚಿಗೆ 8. ಎಫ್‌ಡಿ ನವೀಕರಿಸೋಕೆ ಹೋದಾಗ ಐದೂವರೆ ಆರು ಅಂದ್ರು. ನಾನು ಕೂತಿದ್ದ ಕೌಂಟರಿನಲ್ಲೇ ಹೊಸ ಹುಡುಗ ಕೂತು ಹೇಳಿದ್ದು. 5,800 ಬರ್ತಿದ್ದದ್ದು 3,400 ಚಿಲ್ಲರೆಗೆ ಇಳೀತು. ಅಕ್ಕಿ ಬೆಲೆ ಅರ್ಧಕ್ಕರ್ಧ ಆಗುತ್ತಾ? ಆಗಲ್ಲ.

2004ರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಬಂತು, 9 ಪರ್ಸೆಂಟ್. ನನಗೆ ಆಗ 50. ಅದಕ್ಕೆ 60 ಆಗಬೇಕು. ವಿಆರ್‌ಎಸ್ ತಗೊಂಡವರಿಗೆ 55, ಅದೂ ನಿವೃತ್ತಿ ಹಣ ಕೈಗೆ ಬಂದ ಕೂಡಲೇ ಹಾಕಬೇಕು. ನನ್ನಂಥವರು ಬಾಗಿಲಲ್ಲಿ ನಿಂತು ನೋಡಿದ್ದೇ ಬಂತು. ಕೊನೆಗೆ ಮಂಡ್ಯದ ಎರಡು ಅಂಗಡಿ ಲೆಕ್ಕ ಬರೆಯೋಕೆ ಹೋದೆ. ಹತ್ತು ವರ್ಷ ಬರೆದೆ. ಅದೇ ಕಾಪಾಡಿದ್ದು.

ಬೇಗ ನಿವೃತ್ತಿ ಆದವರಿಗೆ ಸರ್ಕಾರದ ಒಳ್ಳೆ ಯೋಜನೆಗಳು ಸಿಗಲ್ಲ, ಸಿಗೋ ವಯಸ್ಸಿಗೆ ಗಂಟು ಉಳಿದಿರಬೇಕು. ಅದೇ ಕಷ್ಟ.

ಧಾರವಾಡದಾಕಿ
ಕ್ಯಾಷಿಯರ್ ಅಜ್ಜಾರ, ನಮ್ಮ ಅಪ್ಪಾರೂ ಬ್ಯಾಂಕಿನಾಗೇ ಇದ್ರು. ನಿಮಗ ಪಿಂಚಣಿ ಇರಲಿಲ್ಲೇನ್ರಿ?

ಹಳೇ ಕ್ಯಾಷಿಯರ್
ಇರಲಿಲ್ಲಮ್ಮ. ನಾನು ಪಿಎಫ್ ಆರಿಸಿಕೊಂಡಿದ್ದವ. ಪಿಂಚಣಿ ಯಾರಿಗೆ ಬೇಕು, ದುಡ್ಡು ಕೈಗೆ ಬಂದರೆ ಸಾಕು ಅನ್ನೋ ಜಂಬ. 2010ರ ಒಪ್ಪಂದದಲ್ಲಿ ಇನ್ನೊಂದು ಅವಕಾಶ ಕೊಟ್ಟರು. ಪಿಎಫ್‌ನಲ್ಲಿ ಬ್ಯಾಂಕಿನ ಪಾಲು ವಾಪಸ್ ಕಟ್ಟಿ, ಮೇಲೆ ಒಂದಿಷ್ಟು ಸೇರಿಸಿ ಪಿಂಚಣಿಗೆ ಬಂದೆ. ಹೆಂಡತಿ ಬಳೆ ಅಡ ಇಟ್ಟು ಕಟ್ಟಿದ್ದು. ಜೀವನದಲ್ಲಿ ಮಾಡಿದ ಒಳ್ಳೆ ವ್ಯಾಪಾರ ಅದೊಂದೇ. ಆರು ತಿಂಗಳಿಗೊಮ್ಮೆ ತುಟ್ಟಿಭತ್ಯೆ ಬೆಲೆ ಸೂಚ್ಯಂಕ ನೋಡಿಕೊಂಡು ಏರುತ್ತೆ. ಮೂಲ ಪಿಂಚಣಿ ಮಾತ್ರ ಇವತ್ತಿಗೂ ಪರಿಷ್ಕರಣೆ ಆಗಿಲ್ಲ, ಅದರ ಬಗ್ಗೆ ಮಾತಾಡಿದರೆ ಬಿಪಿ ಏರುತ್ತೆ, ಬಿಡಿ.

ಮ್ಯೂನಿಕ್ ಮಾವ
ನಾನೂ ಎರಡು ವರ್ಷದಲ್ಲಿ ಮೈಸೂರಿಗೆ ವಾಪಸ್ ಬರೋ ಯೋಚನೆಯಲ್ಲಿದ್ದೀನಿ, ಹಾಗಾಗಿ ಓದ್ತಿದ್ದೀನಿ. 4.3 ಪರ್ಸೆಂಟ್ ಅಂದ್ರೆ ಅಷ್ಟೇನೂ ಅಪಾಯ ಇಲ್ಲವಲ್ಲ? ಎಲ್ಲಾ ಕಡೆ 4 ಪರ್ಸೆಂಟ್ ನಿಯಮ ಅಂತಾರೆ, ಮೊದಲ ವರ್ಷ ಗಂಟಿನ 4 ಪರ್ಸೆಂಟ್ ತೆಗೆದು ಆಮೇಲೆ ಬೆಲೆ ಏರಿದಷ್ಟೇ ಏರಿಸಿದರೆ ದುಡ್ಡು ಮುಗಿಯಲ್ಲ ಅಂತ.

ಎಕ್ಸೆಲ್ ರಾಯ
ಮಾವ, ಆ ನಿಯಮ ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ ಶೇರು ಮತ್ತು ಬಾಂಡ್ ಲೆಕ್ಕ ಇಟ್ಟುಕೊಂಡು 30 ವರ್ಷಕ್ಕೆ ಮಾಡಿದ್ದು. ಬೋಗಾದಿಯವರಿಗೆ ಈಗ 49. ಅವರ ಹೆಂಡತಿಗೆ ಇನ್ನೂ ಕಡಿಮೆ ಇರುತ್ತೆ. 40 ವರ್ಷ ಬಾಳಬೇಕು ಆ ದುಡ್ಡು. ಅಮೆರಿಕದಲ್ಲಿ ಬೆಲೆ ಏರಿದ ಹಾಗೆ ಅಸಲೂ ಏರೋ ಸರ್ಕಾರಿ ಬಾಂಡ್ ಇದೆ. ನಮ್ಮಲ್ಲಿ 2013ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಒಂದು ತಂದಿತ್ತು, ಹಣದುಬ್ಬರದ ಮೇಲೆ ಒಂದೂವರೆ ಪರ್ಸೆಂಟ್. ಜನ ತಿರುಗಿ ನೋಡಲಿಲ್ಲ, ನಿಂತುಹೋಯ್ತು. ನನಗಂತೂ ಆ ಬೇಜಾರು ಇನ್ನೂ ಹೋಗಿಲ್ಲ.

ಹಾಗಾಗಿ ನಮ್ಮ ಊರಿಗೆ 3, ಬಹಳ ಅಂದ್ರೆ 3.5. ಅದೂ ಗಂಟಿನಲ್ಲಿ ಶೇರು ಸಾಕಷ್ಟು ಇದ್ದರೆ. ಬೋಗಾದಿಯವರೇ, ನಿಮ್ಮದು ಎಲ್ಲೆಲ್ಲಿದೆ?

ಬೋಗಾದಿ ರೋಡು
ಹೇಳೋಕೆ ನಾಚಿಕೆ. 70 ಪರ್ಸೆಂಟ್ ಎಫ್‌ಡಿ, ಪಿಪಿಎಫ್, ಪೋಸ್ಟಾಫೀಸು. 30 ಮಾತ್ರ ಶೇರಿನ ಇಂಡೆಕ್ಸ್ ಫಂಡ್. 2020ರ ಮಾರ್ಚ್‌ನಲ್ಲಿ ಸೆನ್ಸೆಕ್ಸ್ ಜನವರಿಯ 42 ಸಾವಿರದಿಂದ 26 ಸಾವಿರಕ್ಕೆ ಬಿದ್ದಾಗ ನಾನು ನಿದ್ದೆ ಮಾಡಿರಲಿಲ್ಲ. ಸಂಬಳ ಬರ್ತಿದ್ದಾಗಲೇ ಹಾಗಾದರೆ, ಸಂಬಳ ಇಲ್ಲದಾಗ?

ಹಳೇ ಕ್ಯಾಷಿಯರ್
ಅಯ್ಯೋ, ನನ್ನ ಕಥೆನೇ ಮತ್ತೆ. 2023ರಲ್ಲಿ ಹಾಕಿದ ಎಫ್‌ಡಿ ಮುಗಿಯೋ ಹೊತ್ತಿಗೆ ಏನು ಬಡ್ಡಿ ಸಿಗುತ್ತೆ ನೋಡಿ. ರೆಪೋ ದರ, ಅಂದ್ರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡೋ ದರ, 2025 ಒಂದೇ ವರ್ಷದಲ್ಲಿ 6.5ರಿಂದ 5.25ಕ್ಕೆ ಬಂದಿದೆ.

ಎಕ್ಸೆಲ್ ರಾಯ
ಅದಕ್ಕೇ ಹೇಳೋದು. ಮೂರು ವರ್ಷದ ಖರ್ಚು, ನಿಮ್ಮ ಲೆಕ್ಕದಲ್ಲಿ ಒಂದು 30 ಲಕ್ಷ, ಎಫ್‌ಡಿಯಲ್ಲಿ ಇಡಿ. ಮಾರ್ಕೆಟ್ ಬಿದ್ದ ವರ್ಷ ಅದನ್ನು ತಿನ್ನಿ, ಶೇರು ಮುಟ್ಟಬೇಡಿ. ಬಿದ್ದಾಗ ಮಾರಿದರೆ ಮಾತ್ರ ಸತ್ತಿರಿ. ಉಳಿದದ್ದರಲ್ಲಿ ಶೇರಿನ ಪಾಲು ನಿಧಾನಕ್ಕೆ, ಎರಡು ಮೂರು ವರ್ಷದಲ್ಲಿ ಏರಿಸಿ. ನಾಳೆ ಬೆಳಿಗ್ಗೆನೇ ಎಲ್ಲಾ ಎತ್ತಿ ಹಾಕಬೇಡಿ.

ಕಡಲತಡಿ
ಶೇರೂ ಬೇಡ ಎಂತದೂ ಬೇಡ ಮಾರಾಯ್ರೇ. ನನಗೆ ಮಂಗಳೂರಲ್ಲಿ ಎರಡು ಮನೆ ಬಾಡಿಗೆಗೆ ಉಂಟು. 11 ತಿಂಗಳಿಗೊಮ್ಮೆ ಕರಾರು ಹೊಸತು, 5 ಪರ್ಸೆಂಟ್ ಏರಿಸುವುದು. ಬೆಲೆ ಏರಿದರೆ ಬಾಡಿಗೆಯೂ ಏರುತ್ತದೆ. ಇದಕ್ಕಿಂತ ದೊಡ್ಡ ತಡೆಗೋಡೆ ಯಾವುದು?

ಎಕ್ಸೆಲ್ ರಾಯ
ಮೈಸೂರಲ್ಲಿ 80 ಲಕ್ಷದ ಮನೆಗೆ 18 ಸಾವಿರ ಬಾಡಿಗೆ ಬಂದರೆ ಹೆಚ್ಚು. 2.7 ಪರ್ಸೆಂಟ್. ಅದರಲ್ಲಿ ಕಂದಾಯ, ಬಣ್ಣ, ಖಾಲಿ ಬಿದ್ದ ತಿಂಗಳು ಕಳೆಯಿರಿ. ಪೋಸ್ಟಾಫೀಸಿನ ತಿಂಗಳ ಆದಾಯ ಯೋಜನೆಯಲ್ಲಿ 7.4 ಕೊಡ್ತಾರೆ.

ಕಡಲತಡಿ
ಪೋಸ್ಟಾಫೀಸಿನ 7.4 ಐದು ವರ್ಷ ಅಷ್ಟಕ್ಕೇ ನಿಲ್ಲುತ್ತದೆ. ಜಂಟಿ ಖಾತೆಯಲ್ಲಿ 15 ಲಕ್ಷ ಹಾಕಿದರೆ ಇವತ್ತೂ 9,250, ಐದನೇ ವರ್ಷವೂ 9,250. ನನ್ನ ಬಾಡಿಗೆ ಏರುತ್ತದೆ, ಮನೆ ಬೆಲೆಯೂ ಏರುತ್ತದೆ. ನೀವು ಲೆಕ್ಕ ಮಾಡುವವರು ಅದನ್ನು ಹೇಳುವುದೇ ಇಲ್ಲ.

ಎಕ್ಸೆಲ್ ರಾಯ
ಸರಿ, ಅದು ನ್ಯಾಯವಾದ ಮಾತೇ. ಈಗಾಗಲೇ ಮನೆ ಇದ್ದವರು ಇಟ್ಟುಕೊಳ್ಳಲಿ. ಆದರೆ ನಿವೃತ್ತಿ ಆದ ಮೇಲೆ ಗಂಟಿನ ಮೂರನೇ ಒಂದು ಭಾಗ ಎತ್ತಿ ಸೈಟು ಮನೆ ಅಂತ ಹಾಕೋದಕ್ಕೆ ನಾನು ವಿರುದ್ಧ. ಆಸ್ಪತ್ರೆ ಬಿಲ್ಲಿಗೆ ಒಂದು ರೂಮು ಮಾತ್ರ ಮಾರೋಕಾಗಲ್ಲ.

ಪೀಣ್ಯ 2ನೇ ಹಂತ
ಕ್ಷಮಿಸಿ, ಆದರೆ ಇದನ್ನು ಹೇಳಲೇಬೇಕು. 2 ಕೋಟಿ ಇಟ್ಟುಕೊಂಡು ನಿದ್ದೆ ಬರಲ್ಲ ಅಂತೀರಾ. ನಮ್ಮಪ್ಪ ಪೀಣ್ಯದಲ್ಲಿ 27 ವರ್ಷ ಲೇಥ್ ಮೇಲೆ ನಿಂತವರು. ಫ್ಯಾಕ್ಟರಿ ಮುಚ್ಚಿ 52ಕ್ಕೆ ಮನೆಗೆ ಕಳಿಸಿದರು. ಅದೂ 'ಬೇಗ ನಿವೃತ್ತಿ'ನೇ. ಇಪಿಎಸ್ (ಖಾಸಗಿ ಕೆಲಸಗಾರರಿಗೆ ಪಿಎಫ್ ಜೊತೆ ಬರೋದು) ಪಿಂಚಣಿ ಎಷ್ಟು ಗೊತ್ತಾ? 1,740 ರೂಪಾಯಿ. ಕನಿಷ್ಠ ಪಿಂಚಣಿ 2014ರಲ್ಲಿ ಸಾವಿರ ಅಂತ ಮಾಡಿದ್ದು, ಇನ್ನೂ ಸಾವಿರವೇ. ಅದಕ್ಕೆ ತುಟ್ಟಿಭತ್ಯೆ ಗಿಟ್ಟಿಭತ್ಯೆ ಏನೂ ಇಲ್ಲ. ಬೆಲೆ ಏರಿಕೆ ಅಂದ್ರೆ ಏನು ಅಂತ ಅವರನ್ನು ಕೇಳಿ.

ಚಿಕೋರಿ ಬೇಡ
👆 ಇದು ಮಾತು.

ಬೋಗಾದಿ ರೋಡು
ಪೀಣ್ಯದವರೇ, ನಿಮ್ಮ ಮಾತಿಗೆ ಉತ್ತರ ಇಲ್ಲ ನನ್ನ ಹತ್ತಿರ. ನನ್ನದು ಆರಿಸಿಕೊಂಡ ಕಷ್ಟ, ನಿಮ್ಮಪ್ಪನದು ತಲೆ ಮೇಲೆ ಬಿದ್ದದ್ದು. ಅವರು ಹೇಗೆ ಸಂಭಾಳಿಸಿದರು ಅಂತ ಹೇಳಿದರೆ ನಿಜಕ್ಕೂ ಕಲಿಯೋದಿದೆ, ವ್ಯಂಗ್ಯ ಅಲ್ಲ.

ಪೀಣ್ಯ 2ನೇ ಹಂತ
ನಾನೂ ಸ್ವಲ್ಪ ಜೋರಾಗಿ ಅಂದೆ, ಬೇಜಾರಾಗಬೇಡಿ. ಹೇಗೆ ಅಂದ್ರೆ, ಅಪ್ಪ ಕೆಲಸ ಬಿಡಲಿಲ್ಲ ಅಷ್ಟೇ. ಮನೆ ಮುಂದೆ ಶೆಡ್ ಹಾಕಿ ಮಿಕ್ಸಿ, ಪಂಪು ರಿಪೇರಿ. ಬೆಲೆ ಏರಿದ ವರ್ಷ ರಿಪೇರಿ ಕೂಲಿಯನ್ನೂ 50 ರೂಪಾಯಿ ಏರಿಸುತ್ತಿದ್ದರು. ಅಮ್ಮ 'ನಿಮ್ಮಪ್ಪಂಗೆ ಅವರೇ ಡಿಎ ಕೊಟ್ಕೋತಾರೆ' ಅಂತಿದ್ದರು.

ಹಳೇ ಕ್ಯಾಷಿಯರ್
ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಪ್ಪ.

ಪ್ರೀಮಿಯಂ ಪುಟ್ಟಣ್ಣ
ವಿಮೆ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ನಾನು ಆ ಕೆಲಸದಲ್ಲೇ ಇದ್ದೀನಿ, ಆದರೆ ಇಲ್ಲಿ ಯಾರಿಗೂ ಏನೂ ಮಾರಲ್ಲ, ಹೆದರಬೇಡಿ.

ಪ್ರೀಮಿಯಂ ಎರಡು ರೀತಿ ಏರುತ್ತೆ. ಒಂದು, ಕಂಪನಿ ಎಲ್ಲರಿಗೂ ಏರಿಸೋದು. ಇನ್ನೊಂದು, ವಯಸ್ಸಿನ ಮೆಟ್ಟಿಲು. ಬಹಳ ಪಾಲಿಸಿಗಳಲ್ಲಿ 46, 51, 56, 61 ಹೀಗೆ ಮೆಟ್ಟಿಲು ಇರುತ್ತೆ. ಬೋಗಾದಿಯವರು 46ರ ಮೆಟ್ಟಿಲು ಹತ್ತಿದ್ದಾರೆ, ಇನ್ನೆರಡು ವರ್ಷಕ್ಕೆ ಇನ್ನೊಂದು ಬರುತ್ತೆ. ಈ ಪಟ್ಟಿ ಪಾಲಿಸಿ ಕಾಗದದಲ್ಲೇ ಇರುತ್ತೆ. ಅದನ್ನು ತೆಗೆದು, 61 ವಯಸ್ಸಿನವರಿಗೆ ಇವತ್ತು ಎಷ್ಟಿದೆ ಅಂತ ನೋಡಿ, ಅದನ್ನೇ ಎಕ್ಸೆಲ್ ಹಾಳೆಗೆ ಹಾಕಿ. ಹೆದರಿಕೆ ಆಗುತ್ತೆ, ಆದರೂ ನೋಡಿ.

ಇನ್ನು 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಮೊದಲು 18 ಇತ್ತು. ಮೂಲ ಪಾಲಿಸಿ 10 ಲಕ್ಷಕ್ಕೆ ಇಳಿಸಿ ಮೇಲೆ, ಅದು ದಾಟಿದ ಬಿಲ್ಲಿಗೆ ದುಡ್ಡು ಕೊಡೋ ಸೂಪರ್ ಟಾಪ್‌ಅಪ್ ಹಾಕಿದರೆ ಬಹಳ ಸಲ ಅಗ್ಗ ಬೀಳುತ್ತೆ. ಕೈಯಲ್ಲಿ ದುಡ್ಡಿದ್ದರೆ ಎರಡು ಮೂರು ವರ್ಷದ್ದು ಒಟ್ಟಿಗೆ ಕಟ್ಟಿ, ಅಷ್ಟು ವರ್ಷ ದರ ಏರಿಕೆ ತಪ್ಪುತ್ತೆ. ಮತ್ತೆ ವಿಮಾ ನಿಯಂತ್ರಕರು 2025ರ ಜನವರಿಯಲ್ಲಿ ವರ್ಷಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಸುಮ್ನೆ ಏರಿಸುವ ಹಾಗಿಲ್ಲ ಅಂದಿದ್ದಾರೆ.

ಮ್ಯೂನಿಕ್ ಮಾವ
ಓ ಹಾಗಾದರೆ 10 ಪರ್ಸೆಂಟ್ ಹಾಕಿದರೆ ಸಾಕಾಯ್ತು. ಜಿಎಸ್‌ಟಿ ಹೋಗಿದ್ದರಿಂದ 18 ಪರ್ಸೆಂಟ್ ಇಳಿಕೆ ಬೇರೆ.

ಎಕ್ಸೆಲ್ ರಾಯ
ಎರಡೂ ತಪ್ಪು ಮಾವ. ಆ 10ರ ಮಿತಿ 60 ದಾಟಿದವರಿಗೆ. ಅದನ್ನು ಮೀರಬೇಕಾದರೆ ಕಂಪನಿ ಮೊದಲು ನಿಯಂತ್ರಕರ ಹತ್ತಿರ ಮಾತಾಡಬೇಕು, ಅಷ್ಟೇ. 49 ವಯಸ್ಸಿನವರಿಗೆ ಆ ರಕ್ಷಣೆ ಇಲ್ಲ. ಇನ್ನು 118 ಕಟ್ಟುತ್ತಿದ್ದದ್ದು 100 ಆದರೆ ಇಳಿಕೆ 15.25 ಪರ್ಸೆಂಟ್, 18 ಅಲ್ಲ.

ಮ್ಯೂನಿಕ್ ಮಾವ
ಜರ್ಮನಿಯಲ್ಲೂ ನನ್ನನ್ನು ಇಷ್ಟು ತಿದ್ದಿಲ್ಲ ಯಾರೂ.

ವರ್ತೂರು ಕೆರೆ
ಮೈಸೂರಲ್ಲಿರೋ ನೀವೆಲ್ಲಾ ಪುಣ್ಯವಂತರು. ನಾನು 50ಕ್ಕೆ ಬಿಟ್ಟು ಬೆಂಗಳೂರಲ್ಲೇ ಉಳಿದವ. 2024ರ ಬೇಸಿಗೆ ನೆನಪಿದೆಯಾ? ಫೆಬ್ರವರಿ ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೈಕೊಟ್ಟಿತು. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಿದರು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಿತು, 5 ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ 1,000 ರೂಪಾಯಿ ಅಂತ. ದರ ಕಟ್ಟಿದ ಮೇಲೆ ನಮ್ಮ ಕಡೆ ಟ್ಯಾಂಕರೇ ಕಾಣಿಸಲಿಲ್ಲ! ಮನೆಗೆ ತಿಂಗಳಿಗೆ 3,000ದಂತೆ ಮೂರು ತಿಂಗಳು ನೀರಿನ ವಂತಿಗೆ ಕೊಟ್ಟೆವು. ಯಾವ ಎಕ್ಸೆಲ್‌ನಲ್ಲಿ ಹಾಕ್ತೀರಾ ಇದನ್ನ?

2025ಕ್ಕೆ ಇನ್ನೊಂದು ರೀತಿ. ಜನವರಿಯಲ್ಲಿ ಬಸ್ಸು 15 ಪರ್ಸೆಂಟ್, ಫೆಬ್ರವರಿಯಲ್ಲಿ ಮೆಟ್ರೋ, ಗರಿಷ್ಠ 60 ಇದ್ದದ್ದು 90. ಏಪ್ರಿಲ್‌ನಲ್ಲಿ ನೀರು, ಹಾಲು, ಕಸ ಎಲ್ಲಾ ಒಟ್ಟಿಗೆ. ಆಗಸ್ಟ್‌ನಲ್ಲಿ ಆಟೋ ಕನಿಷ್ಠ ದರ 30 ಇದ್ದದ್ದು 36. ನೀರಿನ ದರ 2014ರಿಂದ ಏರಿಸಿರಲಿಲ್ಲ, ಹತ್ತು ವರ್ಷ ಸುಮ್ಮನಿದ್ದು ಒಂದೇ ಸಲ ಮಾಡಿದರು. ಹಾಗೇ ಅಲ್ವಾ ಯಾವಾಗಲೂ? ವರ್ಷಕ್ಕಿಷ್ಟು ಅಂತ ಮೆಲ್ಲಗೆ ಏರಲ್ಲ. ಮಲಗಿರುತ್ತೆ, ಎದ್ದರೆ ಒದೆಯುತ್ತೆ.

ಅಡುಗೆಮನೆ ಡೈರಿ
ನಾನು 1998ರಿಂದ ಡೈರಿ ಬರೀತೀನಿ, ಹಾಗಾಗಿ ಹೆಸರು. ನೀಲಿ ಪ್ಯಾಕೆಟ್ ನಂದಿನಿ ಲೀಟರಿಗೆ 2023ರ ಆಗಸ್ಟ್‌ನಲ್ಲಿ 39 ಇದ್ದದ್ದು 42 ಆಯ್ತು. 2024ರ ಜೂನ್‌ನಲ್ಲಿ 50 ಎಂಎಲ್ ಜಾಸ್ತಿ ಕೊಟ್ಟು 2 ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ವಾಪಸ್ ತಗೊಂಡು 46 ಮಾಡಿದರು. ದಿನಕ್ಕೆ ಲೀಟರ್ ಲೆಕ್ಕದಲ್ಲಿ, 2023ರ ಜುಲೈಗೆ ಹೋಲಿಸಿದರೆ ತಿಂಗಳಿಗೆ 210 ರೂಪಾಯಿ. ಜನ ಇದಕ್ಕೆ ಕೂಗಾಡ್ತಾರೆ, ಸ್ಕೂಲಿನವರು ವರ್ಷಕ್ಕೆ 10 ಸಾವಿರ ಏರಿಸಿದರೆ ಚಲನ್ ಹಿಡಿದು ಸುಮ್ನೆ ಕ್ಯೂ ನಿಲ್ತಾರೆ.

ಟೊಮೆಟೊ 2023ರ ಜುಲೈನಲ್ಲಿ ಕಿಲೋ ನೂರು ದಾಟಿತ್ತು. ನಾನು ಹುಣಸೆಹಣ್ಣಿಗೆ ಬಂದೆ. ಎರಡು ತಿಂಗಳಲ್ಲಿ ಟೊಮೆಟೊ ನೆಲ ಕಚ್ಚಿತು, ಕೋಲಾರದ ರೈತರು ಪಾಪ ಅಳ್ತಿದ್ದರು. ತರಕಾರಿ ಏರುತ್ತೆ, ಇಳಿಯುತ್ತೆ. ನಾವು ಸಾರು ಬದಲಾಯಿಸಬಹುದು. ಫೀಸು, ಪ್ರೀಮಿಯಂ, ಮೇಂಟೆನೆನ್ಸ್ ಏರಿದ್ದು ಇಳಿದದ್ದನ್ನು ನನ್ನ ಡೈರಿಯಲ್ಲಿ ನಾನು ಇನ್ನೂ ಬರೆದಿಲ್ಲ. ಅದಕ್ಕೆ ಬದಲಿ ಹುಣಸೆಹಣ್ಣೂ ಇಲ್ಲ.

ಚಿಕೋರಿ ಬೇಡ
ಕಾಫಿಪುಡಿ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ. ಅದು ಏರಿದ್ದು ಇಳಿಯೋ ಹಾಗೆ ಕಾಣಲ್ಲ. ನಮ್ಮಪ್ಪ ಚಿಕೋರಿ 20 ಪರ್ಸೆಂಟ್ ಇದ್ದದ್ದು 40 ಮಾಡಿಸ್ಕೊಂಡು ಬಂದಿದ್ದಾರೆ. ಮನೆಯಲ್ಲಿ ಮೂರು ದಿನದಿಂದ ಮಾತುಕತೆ ಇಲ್ಲ.

ಅಡಿಕೆಗರಿ
ಬೆಳೆಗಾರರಿಗೆ ಅಪರೂಪಕ್ಕೆ ನಾಲ್ಕು ಕಾಸು ಬಂದರೆ ಊರಿಗೆಲ್ಲಾ ಹೊಟ್ಟೆಉರಿ!

ಇರಲಿ. ನಾನು ತೀರ್ಥಹಳ್ಳಿ ಕಡೆಯವನು. 'ಖರ್ಚು ತಡೆಯೋಕಾಗಲ್ಲ, ಹಳ್ಳಿಗೆ ಹೋಗ್ತೀನಿ' ಅಂತ ಯಾರಾದರೂ ಬರೀತಾರೆ ಅಂತ ಕಾಯ್ತಿದ್ದೆ, ಇನ್ನೂ ಬರೆದಿಲ್ಲ, ಬರೆಯೋ ಮೊದಲೇ ಹೇಳಿಬಿಡ್ತೀನಿ. ನಾನು 2019ರಲ್ಲಿ ಬೆಂಗಳೂರು ಬಿಟ್ಟು ಬಂದೆ. ಬಾಡಿಗೆ ಇಲ್ಲ, ಅಕ್ಕಿ ಮನೆಯದು, ತೆಂಗಿನಕಾಯಿ ಮನೆಯದು, ನಿಜ. ಆದರೆ ಅಡಿಕೆ ಕೊನೆ ತೆಗೆಯೋರು ಸಿಗಲ್ಲ, ಸಿಕ್ಕವರು ಕೇಳಿದಷ್ಟು ಕೊಡಬೇಕು. ಎಲೆಚುಕ್ಕಿ ರೋಗ ಬಂದು ಎರಡು ವರ್ಷದಿಂದ ಫಸಲು ಅರ್ಧ, ಔಷಧಿ ಹೊಡೆಸೋ ಖರ್ಚು ಎರಡರಷ್ಟು. ಅಪ್ಪನಿಗೆ ಹೃದಯದ ತೊಂದರೆ ಆದಾಗ ಘಾಟಿ ಇಳಿದು ಮಣಿಪಾಲಕ್ಕೆ ಓಡಬೇಕು. ಮಳೆಗಾಲದಲ್ಲಿ ಕರೆಂಟು ಇಲ್ಲ, ಯುಪಿಎಸ್ ಬ್ಯಾಟರಿ ಮೂರು ವರ್ಷಕ್ಕೊಮ್ಮೆ. ಕಾರು ಇಲ್ಲದೆ ಬದುಕೇ ಇಲ್ಲ. ನನ್ನ ತಿಂಗಳ ಖರ್ಚು ಬೆಂಗಳೂರಿಗಿಂತ ಕಡಿಮೆ, ಆದರೆ ಅಂದುಕೊಂಡಷ್ಟು ಕಡಿಮೆ ಅಲ್ಲ. ಖುಷಿಗೆ ಬನ್ನಿ. ಉಳಿತಾಯಕ್ಕೆ ಬರಬೇಡಿ.

ಧಾರವಾಡದಾಕಿ
ಗಂಡಸರು ಮನಿಯಾಗ ಕೂತರ ಖರ್ಚು ಏರೂದು ಯಾವ ಸೂಚ್ಯಂಕದಾಗ ಬರತದ ಹೇಳ್ರಿ. ನಮ್ಮನಿಯವರು ಎರಡು ವರ್ಷದ ಹಿಂದ ಬಿಟ್ರು. ದಿನಾ ನಾಲ್ಕು ಸಲ ಚಹಾ, ಮಧ್ಯಾಹ್ನ ಫ್ಯಾನು, ಟಿವಿ. ಮೇಲೆ ಆನ್‌ಲೈನ್‌ನಾಗ ತೋಟದ ಕತ್ತರಿ, ಡ್ರಿಲ್ ಮಷಿನ್ನು. ನಮ್ಮದು ಮೂರನೇ ಮಾಳಿಗಿ ಫ್ಲ್ಯಾಟ್ ಅದ. ತೋಟ ಎಲ್ಲಿಂದ ಬರಬೇಕು? ಅವರು ರಿಟೈರ್ ಆದ್ರು, ನಾನು ಓವರ್‌ಟೈಮ್.

ಅಡುಗೆಮನೆ ಡೈರಿ
🤣🤣 ಡ್ರಿಲ್ ಮಷಿನ್ನು ನಮ್ಮಲ್ಲೂ ಇದೆ. ಒಂದು ಕ್ಯಾಲೆಂಡರ್ ತೂಗುಹಾಕಿದ್ದಾರೆ ಇಲ್ಲಿವರೆಗೆ.

ಕಡಲತಡಿ
ಬೋಗಾದಿಯವರೇ, ನಿಮ್ಮ ಅಮ್ಮನಿಗೆ ಸ್ವಂತ ಹಣ ಏನೂ ಇಲ್ಲವಾ? ಕೇಳಬಾರದು, ಆದರೂ ಕೇಳ್ತೇನೆ.

ಬೋಗಾದಿ ರೋಡು
ಇದೆ. ಕೆ.ಆರ್. ನಗರದ ಮನೆ ಮಾರಿದ್ದು 22 ಲಕ್ಷ ಅವರ ಹೆಸರಲ್ಲಿ ಬ್ಯಾಂಕಿನಲ್ಲಿದೆ. ಅರ್ಧ ಎಫ್‌ಡಿ, ಅರ್ಧ ಎಸ್‌ಬಿ ಖಾತೆಯಲ್ಲೇ ಬಿದ್ದಿದೆ. ಅದನ್ನು ಮುಟ್ಟಬಾರದು ಅಂತ ನನ್ನ ಮನಸ್ಸು. ಅಮ್ಮನನ್ನು ನೋಡಿಕೊಳ್ಳೋದು ನನ್ನ ಜವಾಬ್ದಾರಿ ಅಲ್ವಾ. ತಂಗಿಯೂ ಇದ್ದಾಳೆ.

ಹಳೇ ಕ್ಯಾಷಿಯರ್
ಅಯ್ಯೋ ಮಹರಾಯ! ಇಷ್ಟು ಹೊತ್ತು ಇದನ್ನು ಹೇಳಲೇ ಇಲ್ಲವಲ್ಲ. ಅಮ್ಮನಿಗೆ 76. ಹಿರಿಯ ನಾಗರಿಕರ ಯೋಜನೆ ಅವರಿಗೆ ಸಲೀಸಾಗಿ ಸಿಗುತ್ತೆ, ಮಿತಿ 30 ಲಕ್ಷ, ಬಡ್ಡಿ 8.2. 22 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 45,100 ಬರುತ್ತೆ. ತಿಂಗಳಿಗೆ 15 ಸಾವಿರ. ಅವರ ಖರ್ಚು 11 ಸಾವಿರ ಅಂತ ನೀವೇ ಬರೆದಿದ್ದೀರಿ. ಅಸಲು ಹಾಗೇ ಇರುತ್ತೆ, ತಂಗಿಗೂ ನಾಮಿನಿಯಲ್ಲಿ ಪಾಲು ಬರೆಸಿ. ಎಸ್‌ಬಿಯಲ್ಲಿ ಇಟ್ಟಿದ್ದೀರಲ್ಲ, ಬ್ಯಾಂಕಿನವರು ನಿಮಗೆ ಮಂಗಳಾರತಿ ಎತ್ತಬೇಕು.

ಅಡುಗೆಮನೆ ಡೈರಿ
ಮತ್ತೆ ಅಮ್ಮನನ್ನೇ ಕೇಳಿ. ನನ್ನ ಅತ್ತೆ ಕೊನೆವರೆಗೂ ಅವರ ಮಾತ್ರೆ ದುಡ್ಡು ಅವರೇ ಕೊಡ್ತಿದ್ದರು. ನಾವು ಬೇಡ ಅಂದ್ರೆ ಸಿಟ್ಟು ಬರ್ತಿತ್ತು. ಮಗ ಕೊಟ್ಟರೆ ಅವನಿಗೆ ಹೆಮ್ಮೆ, ತಾನೇ ಕೊಟ್ಟರೆ ಆಕೆಗೆ ಹೆಮ್ಮೆ. ಯಾರ ಹೆಮ್ಮೆ ದೊಡ್ಡದು ಅಂತ ನೀವು ಒಬ್ಬರೇ ತೀರ್ಮಾನ ಮಾಡಬೇಡಿ.

ಪ್ರೀಮಿಯಂ ಪುಟ್ಟಣ್ಣ
70 ದಾಟಿದವರಿಗೆ ಆಯುಷ್ಮಾನ್ ಅಡಿ 5 ಲಕ್ಷದ ರಕ್ಷಣೆ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಶುರುಮಾಡಿದೆ. ಅದನ್ನು ನಂಬಿಕೊಂಡು ಪಾಲಿಸಿ ಮಾತ್ರ ಬಿಡಬೇಡಿ. ನೀವು ಹೋಗೋ ಆಸ್ಪತ್ರೆಯಲ್ಲಿ ನಡೆಯುತ್ತಾ ಅಂತ ಖುದ್ದು ಹೋಗಿ ಕೇಳಿ.

ಎಕ್ಸೆಲ್ ರಾಯ
ಇನ್ನೊಂದು ಲೆಕ್ಕ. ಬೋಗಾದಿಯವರು ತಿಂಗಳಿಗೆ 20 ಸಾವಿರ ದುಡಿದರೂ ವರ್ಷಕ್ಕೆ 2 ಲಕ್ಷ 40 ಸಾವಿರ. 3.3 ಪರ್ಸೆಂಟ್ ಲೆಕ್ಕದಲ್ಲಿ ಅಷ್ಟು ಬರಬೇಕಾದರೆ ಸುಮಾರು 73 ಲಕ್ಷದ ಗಂಟು ಬೇಕು. ಪೀಣ್ಯದವರ ಅಪ್ಪನ ಶೆಡ್ ಬೆಲೆ ಈಗ ಗೊತ್ತಾಯ್ತಾ?

ವರ್ತೂರು ಕೆರೆ
ದುಡಿಯೋದಾದರೆ ನಿವೃತ್ತಿ ಯಾಕೆ ಅಂತ ಕೇಳೋರು ಈಗ ಬರ್ತಾರೆ ನೋಡಿ.

ಚಿಕೋರಿ ಬೇಡ
ದುಡಿಯೋದಾದರೆ ನಿವೃತ್ತಿ ಯಾಕೆ?

ವರ್ತೂರು ಕೆರೆ
😐

ಬೋಗಾದಿ ರೋಡು
ಎಲ್ಲರಿಗೂ ಧನ್ಯವಾದ. ಒಂದು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ.

ಅಮ್ಮನನ್ನು ಕೇಳಿದೆ. 'ನನ್ನ ದುಡ್ಡು ನನ್ನ ಕೈಗೆ ಕೊಡೋಕೆ ಇಷ್ಟು ವರ್ಷ ಬೇಕಾಯ್ತಾ' ಅಂದ್ರು. ತಂಗಿಗೂ ಒಪ್ಪಿಗೆ. ಸೋಮವಾರ ಪೋಸ್ಟಾಫೀಸಿಗೆ ಹೋಗ್ತಿದ್ದೀವಿ. ಪಕ್ಕದ ಬೀದಿಯ ಕಾಲೇಜಿನ ಹುಡುಗರಿಗೆ ಶನಿವಾರ ಭಾನುವಾರ ಪ್ರೋಗ್ರಾಮಿಂಗ್ ಹೇಳಿಕೊಡೋ ಮಾತಾಗಿದೆ, 20 ಅಲ್ಲ, ಸದ್ಯಕ್ಕೆ 12 ಸಾವಿರ. ಇಂಡೆಕ್ಸ್ ಫಂಡ್ ಪಾಲು 30 ಇದ್ದದ್ದನ್ನು ಮೂರು ವರ್ಷದಲ್ಲಿ 45 ಮಾಡ್ತೀನಿ, ತಿಂಗಳಿಗಿಷ್ಟು ಅಂತ. ಪಾಲಿಸಿ ಕಾಗದ ತೆಗೆದು 61ರ ಮೆಟ್ಟಿಲೂ ನೋಡಿದೆ. ಆ ರಾತ್ರಿ ಮತ್ತೆ ಎರಡು ಗಂಟೆಗೆ ಎದ್ದೆ.

ಹಾಳೆಯಲ್ಲಿ ಸಾಲುಗಳನ್ನು ಬೇರೆ ಮಾಡಿದ್ದೀನಿ. ದಿನಸಿಗೆ 6, ಸ್ಕೂಲು ಕಾಲೇಜಿಗೆ 12, ವಿಮೆಗೆ 15. ಲಿಫ್ಟು, ಬಣ್ಣ, ಕಾರು ಬದಲಾವಣೆ ಇಂಥದ್ದಕ್ಕೆ 15 ಲಕ್ಷ ಬೇರೆ ಎತ್ತಿಟ್ಟೆ. ಮೇಂಟೆನೆನ್ಸ್ 4,500ರಂತೆ ವರ್ಷಕ್ಕೆ 48 ಸಾವಿರ, ಅದಕ್ಕೂ 12 ಪರ್ಸೆಂಟ್ ಹಾಕಿದ್ದೀನಿ. 'ಇತರೆ' ಸಾಲನ್ನು 14 ಸಾವಿರಕ್ಕೆ ಏರಿಸಿದ್ದೀನಿ, ಅದು ನನ್ನ ತೀರ್ಮಾನ ಅಲ್ಲ.

ಅಡುಗೆಮನೆ ಡೈರಿ
4,500 ಹನ್ನೆರಡು ಸಲ ಅಂದ್ರೆ 54 ಸಾವಿರ ರೀ.